ನಂಬರಿಲ್ಲದ ಕೇಸು

ಮಾರ್ಚ್ 3, ಸೋಮವಾರ. ಸಂಜೆ 7

ಇಂದು ಹದಿನಾಲ್ಕು ಕೇಸು, ಅಂದರೆ ಹದಿನಾಲ್ಕು ಬಾಯಿಗೆ ಹಲ್ಲಿನ ಸೆಟ್. ಮೇಣ ಕೆರೆದು ಕೆರೆದು ಹೆಬ್ಬೆರಳಿನ ಉಗುರಿನ ಸಂದಿ ಒಸಡಿನ ಬಣ್ಣಕ್ಕೆ ತಿರುಗಿದೆ. ಸೋಪಿಗೂ ಜಗ್ಗುವುದಿಲ್ಲ.

ಬಾತ್‌ರೂಮಿಗೆ ಹೋಗಿಬಂದದ್ದು ಆರು ನಿಮಿಷ. ಕೂರುವ ಮೊದಲೇ ಮೇಲಿನಿಂದ ಧ್ವನಿ: "ಕಿಟಕಿ ಪಕ್ಕದ ಟೇಬಲ್, ಆರು ನಿಮಿಷ. ಒಳಗೆ ಸಂಸಾರ ಹೂಡಿದ್ಯೇನಮ್ಮ?" ಲ್ಯಾಬಿನಲ್ಲಿ ಒಂಬತ್ತು ಜನ. ಒಬ್ಬರೂ ತಲೆ ಎತ್ತಲಿಲ್ಲ. ಎತ್ತಿದರೆ ಮುಂದಿನ ಸರದಿ ಅವರದು. ಯಜಮಾನ ಮಹಡಿಯ ಮೇಲೆ ಕ್ಯಾಮೆರಾ ಪರದೆಗಳ ಮುಂದೆ ಕೂತಿರುತ್ತಾನೆ. ನಮಗೆ ಸೂರಿನ ಸ್ಪೀಕರಿನಿಂದ ಅವನ ಮಾತು ಮಾತ್ರ. ಅಶರೀರವಾಣಿ ಎಂದು ಹೆಸರಿಟ್ಟವರು ಲ್ಯಾಬಿನ ಹಿರಿಯ ಕೆಲಸಗಾರ, ನಮ್ಮ ಮೇಷ್ಟ್ರು. ಕಥೆಯಲ್ಲಿ ಬರುವ ಅಶರೀರವಾಣಿ ಮುಂದೆ ಆಗುವುದನ್ನು ಹೇಳುತ್ತೆ, ನಮ್ಮದು ಬರೀ ಆಗಿಹೋದದ್ದನ್ನೇ ಹೇಳುತ್ತೆ ಅಂದಿದ್ದರು.

ಹಲ್ಲು ಕಚ್ಚಿಕೊಂಡು ಹನ್ನೊಂದು ವರ್ಷ. ಬೇರೆಯವರಿಗೆ ಹಲ್ಲಿನ ಸೆಟ್ ಮಾಡಿಕೊಡುವವಳಿಗೆ ಅದೂ ಕೆಲಸದ ಭಾಗ ಇರಬೇಕು.

ಮುಖ್ಯ ವಿಷಯ ಅದಲ್ಲ. ಬಸ್ಸಿನಲ್ಲಿದ್ದಾಗ ಫೋನ್ ಬಂತು. ಆ ಡಾಕ್ಟರಮ್ಮ. ಎರಡು ತಿಂಗಳ ಹಿಂದೆ ಅವರ ಕ್ಲಿನಿಕ್ಕಿಗೆ ಹೋಗಿ ಕೆಲಸ ತೋರಿಸಿ ಬಂದಿದ್ದೆ, ಮರೆತೂ ಬಿಟ್ಟಿದ್ದೆ. ಕ್ಲಿನಿಕ್ಕಿನ ಹಿಂದೆಯೇ ಲ್ಯಾಬ್ ರೂಮು, ಒಂದೇ ಟೇಬಲ್. ಈಗಿರುವ ಹುಡುಗಿ ಹೆರಿಗೆಗೆ ಹೋಗುತ್ತಾಳಂತೆ, ವಾಪಸ್ ಬರುವುದಿಲ್ಲವಂತೆ. ಹದಿನೇಳನೇ ತಾರೀಖು ಸೋಮವಾರ ಸೇರಬೇಕು, ಅದಕ್ಕಿಂತ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದರು. ಬರ್ತೀನಿ ಅಂದುಬಿಟ್ಟೆ. ಅಷ್ಟರಲ್ಲಿ ನನ್ನ ಸ್ಟಾಪ್ ದಾಟಿ ಹೋಗಿತ್ತು. ನಡೆದುಕೊಂಡು ವಾಪಸ್ ಬಂದೆ. ಕಾಲು ನೋಯಲಿಲ್ಲ.

ಉಳಿದಿರುವುದು ಎರಡು ವಾರ. ನಮ್ಮಲ್ಲಿ ನೋಟಿಸ್ ಒಂದು ತಿಂಗಳು.

ಮಾರ್ಚ್ 4, ಮಂಗಳವಾರ

ಇವರಿಗೆ ಹೇಳಿದೆ. ಟೀ ಲೋಟ ಕೆಳಗಿಟ್ಟು ಎದ್ದೇ ನಿಂತರು, ತಾವೇ ಕೆಲಸ ಬಿಟ್ಟು ಹೊರಟವರ ಹಾಗೆ. ನೋಟಿಸು ಗೀಟಿಸು ಏನೂ ಬೇಡ, ಹದಿನೈದರ ಶನಿವಾರ ಬ್ಯಾಗ್ ಎತ್ತಿಕೊಂಡು ಬಾ, ಸೋಮವಾರ ಆ ಕಡೆ ಬಸ್ ಹತ್ತು. ಇದು ತೀರ್ಪು.

"ನಾನು ಲಿಫ್ಟ್ ರಿಪೇರಿಯವನು ಕಣೇ. ಬಾಗಿಲು ತೆರೆದಾಗ ಹೊರಗೆ ಬಂದ್ಬಿಡಬೇಕು. ಒಳಗೆ ನಿಂತ್ಕೊಂಡು ಯೋಚನೆ ಮಾಡ್ತಿದ್ರೆ ಮತ್ತೆ ಮುಚ್ಕೊಳ್ಳುತ್ತೆ."

ಮಾತು ಸರಿಯೇ. ನೋಟಿಸ್ ಕೊಟ್ಟವರ ಗತಿ ಕಣ್ಣಾರೆ ಕಂಡಿದ್ದೇನೆ. ಹೋದ ವರ್ಷ ನಮ್ಮ ಉದ್ದಜಡೆ, ಪಾಲಿಶ್ ಮಾಡುತ್ತಿದ್ದ ಹುಡುಗಿ, ನಿಯಮದ ಪ್ರಕಾರ ಒಂದು ತಿಂಗಳು ಮುಂಚೆ ಕಾಗದ ಕೊಟ್ಟಳು. ಮರುದಿನದಿಂದ ಹಿತ್ತಲ ತೊಟ್ಟಿಯ ಹತ್ತಿರ ಪ್ಲಾಸ್ಟರ್ ಮೆತ್ತಿದ ಡಬ್ಬಿ ತೊಳೆಯುವ ಕೆಲಸ. ಅವಳ ಜೊತೆ ಯಾರೂ ಮಾತಾಡಕೂಡದು ಎಂದು ಸ್ಪೀಕರಿನಲ್ಲಿ ಅಪ್ಪಣೆ. ನಾವೂ ಆಡಲಿಲ್ಲ. ನಾನೂ ಆಡಲಿಲ್ಲ. ಹನ್ನೊಂದನೇ ದಿನ ಅವಳು ಬರಲಿಲ್ಲ. ಅಲ್ಲಿಂದೀಚೆಗೆ ಹೋಗುವವರು ಊಟಕ್ಕೆ ಹೋದ ಹಾಗೆ ಹೋಗಿ ಮಾಯವಾಗುತ್ತಾರೆ. ಇಲ್ಲಿಯವರೆಗೆ ನಾಲ್ಕು ಜನ.

ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಕೇಳಿಸಿಕೊಂಡರು ಅನ್ನುವುದು ಮಾತ್ರ ಗೊತ್ತು. ದಂಟು ಸೊಪ್ಪಿನ ಪಾತ್ರೆಗೆ ಹೋಗಿ ಎಲೆ ಕಸಕ್ಕೆ ಹೋಗುತ್ತಿತ್ತು.

ಹಾಗಾದರೆ ತೀರ್ಮಾನ ಆದಂತೆಯೇ. ಆದರೂ ಒಂದು ಮುಳ್ಳಿದೆ. ಯಾವುದೆಂದು ಗೊತ್ತು. ಇವತ್ತು ಬರೆಯಲಾರೆ.

ಮಾರ್ಚ್ 6, ಗುರುವಾರ. ಬೆಳಿಗ್ಗೆ 6:20

ಬರೆದೇಬಿಡುತ್ತೇನೆ. ಮೇಷ್ಟ್ರು.

ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷದ ಹಳಬರು. ನಮಗೆಲ್ಲ ಕೆಲಸ ಕಲಿಸಿದವರು, ಅದಕ್ಕೇ ಮೇಷ್ಟ್ರು. ನಾನು ಸೇರಿದ ಮೊದಲ ವಾರ, ಪೇರಿಸಿಟ್ಟ ಪುಸ್ತಕಗಳ ಹಾಗೆ ನೇರವಾಗಿ ಹಲ್ಲು ಜೋಡಿಸಿ ಹೆಮ್ಮೆಯಿಂದ ತೋರಿಸಿದ್ದೆ. ನೋಡಿ, ಬಹಳ ಚೆನ್ನಾಗಿದೆ, ಯಾವ ಮನುಷ್ಯರ ಬಾಯಲ್ಲೂ ಇರಲ್ಲ ಅಷ್ಟೇ ಅಂದರು. ಆಮೇಲೆ ಬಿಸಿ ಚಾಕುವಿನ ತುದಿಯಿಂದ ಒಂದು ಹಲ್ಲನ್ನು ಕೂದಲೆಳೆಯಷ್ಟು ಓರೆ ಮಾಡಿದರು. ಪ್ಲಾಸ್ಟರಿನ ಮುಖಕ್ಕೆ ತಟ್ಟನೆ ಜೀವ ಬಂದಿತ್ತು.

ಈಗ ಅವರ ಬಲಗೈ ನಡುಗುತ್ತದೆ. ಆರು ತಿಂಗಳಾಯಿತು. ಮೊದಲು ಟೀ ಕುಡಿಯುವಾಗ, ಆಮೇಲೆ ಚಾಕು ಹಿಡಿದಾಗ. ಯಜಮಾನ ಮೇಲೆ ಬಂದು ಕೂರುವುದು ಒಂಬತ್ತೂವರೆಗೆ. ನಾನು ಎಂಟೂಕಾಲಿಗೇ ಹೋಗುತ್ತೇನೆ. ಅವರು ಹಿಂದಿನ ದಿನ ಜೋಡಿಸಿದ ಸೆಟ್ಟುಗಳ ಟ್ರೇ ತೆಗೆದು, ಜಾರಿದ ಹಲ್ಲು ಸರಿ ಮಾಡಿ, ಮೇಣ ನಯ ಮಾಡಿ ವಾಪಸ್ ಇಡುತ್ತೇನೆ. ಅವರು ಎಂಟೂವರೆಗೆ ಬರುತ್ತಾರೆ. ಬಂದವರು ಕಿಟಕಿ ಒರೆಸುತ್ತಾರೆ, ಲೋಟ ತೊಳೆಯುತ್ತಾರೆ, ನನ್ನ ಕಡೆ ನೋಡುವುದಿಲ್ಲ. ಈ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿಲ್ಲ.

ನಾನು ಹೇಳದೆ ಹೋದರೆ ಮರುದಿನ ಹತ್ತು ಗಂಟೆಗೆಲ್ಲ ಅವರ ಕೈನಡುಕ ಗೊತ್ತಾಗಿಬಿಡುತ್ತದೆ. ಸ್ಪೀಕರಿನಲ್ಲಿ. ಎಲ್ಲರ ಎದುರು.

ಬಸ್ಸಿಗೆ ಹೊತ್ತಾಯಿತು. ಇವತ್ತು ಅವರಿಗೆ ಹೇಳಬೇಕು.

ಮಾರ್ಚ್ 7, ಶುಕ್ರವಾರ

ಹೇಳಲಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಊಟದ ಹೊತ್ತಿಗೆ ಬಾಯಿ ತೆರೆದೆ. ಉಪ್ಪು ಬೇಕಾ ಅಂತ ಕೇಳಿದರು. ಬೇಕು ಅಂದೆ. ಬೇಡವಾಗಿತ್ತು. ಉಪ್ಪುಪ್ಪು ಊಟ ಮುಗಿಸಿದೆ.

ಮಾರ್ಚ್ 8, ಶನಿವಾರ

ಕಾಲು ಕಂಬ ಆಗಿದೆ.

ಮೇಷ್ಟ್ರ ಕೈಯಿಂದ ಟ್ರೇ ಬಿತ್ತು. ಮೂರು ಅಚ್ಚು ಚೂರು. ಇಡೀ ಲ್ಯಾಬು ಉಸಿರು ಹಿಡಿದು ಸೂರಿನ ಕಡೆ ನೋಡಿತು. ಆಮೇಲೆ, ಯಾರದು? ನಾನು ಎದ್ದು, ನನ್ನ ಮೊಣಕೈ ತಗುಲಿತು ಅಂದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ, ಬಾಯಿಗೆ ಬಂತು. ಕೂತು ಮಾಡೋ ಕೆಲಸದಲ್ಲಿ ಮೈಮೇಲೆ ಎಚ್ಚರ ಇರಲ್ಲ ಅಂದ್ರೆ ನಿಂತೇ ಮಾಡು ಎಂದು ಅಪ್ಪಣೆಯಾಯಿತು. ಅಚ್ಚು ಎರೆಯುವ ಹುಡುಗ ಪ್ಲಾಸ್ಟರಣ್ಣ ಬಂದು ನನ್ನ ಸ್ಟೂಲು ಎತ್ತಿಕೊಂಡು ಹೋದ. ಎತ್ತುವಾಗ ಕಣ್ಣಲ್ಲೇ ಕ್ಷಮೆ ಕೇಳಿದ. ಹನ್ನೊಂದರಿಂದ ಐದೂವರೆಯವರೆಗೆ ನಿಂತೆ.

ಮೇಷ್ಟ್ರು ಇಡೀ ದಿನ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಠ ಮಾಡುವ ಮಗುವನ್ನು ಹಿಡಿದಿಟ್ಟುಕೊಂಡ ಹಾಗೆ.

ಇವರು ಬಿಸಿನೀರಿನ ಬಕೆಟ್ ತಂದಿಟ್ಟು ಕಾಲು ಇಳಿಬಿಡು ಅಂದರು. ಇವತ್ತು ಜೋಕ್ ಏನೂ ಹೇಳಲಿಲ್ಲ.

ಮಾರ್ಚ್ 9, ಭಾನುವಾರ

ಅತ್ತೆಯ ಕಾಲಿನ ಉಗುರು ತೆಗೆಯುವ ದಿನ. ಬಾಗಲು ಆಗುವುದಿಲ್ಲ ಅವರಿಗೆ. ನನ್ನ ತೊಡೆಯ ಮೇಲೆ ಪಾದ ಇಟ್ಟುಕೊಂಡು ಕೂತಿದ್ದೆ. ಇವರು ಮಾರ್ಕೆಟ್ಟಿಗೆ ಹೋಗಿದ್ದರು.

ಅತ್ತೆ ಇದ್ದಕ್ಕಿದ್ದಂತೆ, ನಾನೂ ಒಂದ್ಸಲ ಹೇಳದೆ ಬಂದವಳೇ ಅಂದರು.

ಮಾವನವರ ಮನೆ ಬಿಟ್ಟು ಬಂದದ್ದು ಗೊತ್ತಿತ್ತು. ಯಾಕೆ ಎಂಬುದೂ ಗೊತ್ತಿತ್ತು. ಬೆನ್ನು ತಿಕ್ಕುವಾಗ ಗುರುತು ನೋಡಿದ್ದೇನೆ. ಹೇಗೆ ಬಂದರು ಅಂತ ಯಾವತ್ತೂ ಹೇಳಿರಲಿಲ್ಲ. ಇವರು ಆಗ ಒಂದೂವರೆ ವರ್ಷದ ಕೂಸು. ಸೊಂಟದ ಮೇಲೆ ಕೂರಿಸಿಕೊಂಡು, ಕೈಯಲ್ಲಿ ಒಂದು ಚೀಲ ಹಿಡಿದು, ಅಂಗಡಿಗೆ ಹೋಗಿ ಬರ್ತೀನಿ ಅಂತ ಹೊರಟರಂತೆ. ಬಾಗಿಲಲ್ಲಿ ನಾದಿನಿ ಕೂತಿದ್ದಳಂತೆ, ಹತ್ತು ವರ್ಷದವಳು. ಅತ್ತೆಯೇ ತಲೆ ಬಾಚಿ, ಊಟ ಮಾಡಿಸಿ, ಪಕ್ಕದಲ್ಲೇ ಮಲಗಿಸಿಕೊಂಡು ಬೆಳೆಸಿದ್ದು. ನಂಗೆ ಏನು ತರ್ತೀಯ ಅತ್ತಿಗೆ ಅಂತ ಕೇಳಿದಳಂತೆ. ರಿಬ್ಬನ್ ಅಂದರಂತೆ.

ನಾನು ಉಗುರು ತೆಗೆಯುವುದು ನಿಲ್ಲಿಸಿದ್ದೆ.

"ಆ ಮನುಷ್ಯನಿಗೆ ಹೇಳದೆ ಬಂದಿದ್ದಕ್ಕೆ ಒಂದು ದಿನಾನೂ ನಂಗೆ ಬೇಜಾರಾಗಿಲ್ಲ ಕಣೇ. ಹೇಳಿದ್ರೆ ಬಿಡ್ತಿದ್ನಾ? ಆದ್ರೆ ಆ ಹುಡುಗಿ ಎಷ್ಟು ಹೊತ್ತು ಬಾಗಿಲಲ್ಲಿ ಕೂತಿತ್ತೋ ಅಂತ... ಕಿವಿಯಲ್ಲಿ ಒಂದು ಮಾತು ಹೇಳಿ ಬರಬಹುದಿತ್ತು. ಬಾಯಿ ಬಿಡೋ ಮಗು ಅಲ್ಲ ಅದು."

ಆಮೇಲೆ, ಇನ್ನೊಂದು ಕಾಲು ತಗೋ ಅಂತ ಪಾದ ಬದಲಾಯಿಸಿದರು. ಮುಂದೆ ಏನಾಯಿತು ಅಂತ ಕೇಳಿದೆ. ಗೊತ್ತಿಲ್ಲವಂತೆ. ನಲವತ್ತನಾಲ್ಕು ವರ್ಷ ಆಯಿತಂತೆ.

ಕಿರುಬೆರಳಿನ ಉಗುರು ಬಹಳ ಗಟ್ಟಿ. ನಿಧಾನ ಮಾಡಿದೆ.

ಮಾರ್ಚ್ 11, ಮಂಗಳವಾರ

ಹೇಳಿದೆ.

ಕ್ಯಾಮೆರಾ ಇಲ್ಲದ್ದು ಹಿತ್ತಲಿನ ಮೆಟ್ಟಿಲು ಒಂದೇ. ಊಟದ ಡಬ್ಬಿ ತೆಗೆದುಕೊಂಡು ಅಲ್ಲಿ ಕೂರೋಣ ಬನ್ನಿ ಅಂದೆ. ಎರಡು ತುತ್ತು ಆದಮೇಲೆ ಒಂದೇ ಉಸಿರಿಗೆ ಹೇಳಿ ಮುಗಿಸಿದೆ: ಡಾಕ್ಟರಮ್ಮ, ಹದಿನೇಳು, ನೋಟಿಸ್ ಕೊಡುವುದಿಲ್ಲ, ಶನಿವಾರ ಕೊನೆ. ಮುಖ ನೋಡುವ ಧೈರ್ಯ ಆಗಲಿಲ್ಲ. ತೊಟ್ಟಿಯ ನಲ್ಲಿ ನೋಡುತ್ತಾ ಹೇಳಿದೆ.

ಮೇಷ್ಟ್ರು ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದರು. ಆ ಕ್ಲಿನಿಕ್ಕಿನಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತ ಕೇಳಿದರು. ಎಡಗಡೆ ಕಿಟಕಿ ಅಂದೆ. ಒಳ್ಳೇದು, ನಿನ್ನ ಕೈ ನೆರಳು ಬೀಳಲ್ಲ ಅಂದರು. ಅಷ್ಟೇ. ನನಗೆ ಅಳು ಬಂತು. ಬೆಳಗಿನ ಕೆಲಸದ ವಿಷಯ ಹೇಗೆ ಎತ್ತುವುದೋ ತಿಳಿಯದೆ, ನಿಮ್ಮ ಟ್ರೇ ಅಂತ ಶುರು ಮಾಡಿ ನಿಲ್ಲಿಸಿದೆ.

"ನನ್ನ ಕೆಲಸ ನಂಗೆ ಗೊತ್ತಾಗಲ್ವೇನಮ್ಮ? ಸಂಜೆ ಹಾಳು ಮಾಡಿಟ್ಟು ಹೋಗ್ತಿದ್ದೆ, ಬೆಳಿಗ್ಗೆ ಬಂದ್ರೆ ಸರಿಯಾಗಿರ್ತಿತ್ತು. ಮೊದಲ ದಿನ ಕೈ ವಾಸಿ ಆಯ್ತು ಅಂತಲೇ ಅಂದ್ಕೊಂಡೆ." ನಕ್ಕರು. "ನಿಂಗೆ ಥ್ಯಾಂಕ್ಸ್ ಹೇಳಿದ್ರೆ ನಡುಕ ನಿಜ ಅಂತ ಒಪ್ಪಿಕೊಂಡ ಹಾಗೆ ಆಗುತ್ತೆ ಅಂತ ಸುಮ್ಮನಿದ್ದೆ."

ಡಾಕ್ಟರಿಗೆ ತೋರಿಸಿದ್ದೀರಾ ಅಂದರೆ ಇಲ್ಲ. ಚೀಟಿ ಬರೆದುಕೊಟ್ಟರೆ ರಜೆ ಕೇಳಬೇಕು, ರಜೆ ಕೇಳಿದರೆ ಕಾರಣ ಹೇಳಬೇಕು. ಮನೆಯಲ್ಲೂ ಹೇಳಿಲ್ಲ. ಅವರ ಹೆಂಡತಿ, ನಮ್ಮ ಅಮ್ಮನವರಿಗೆ ಗೊತ್ತಾಗದ ಹಾಗೆ ಎಡಗೈಯಲ್ಲಿ ಟೀ ಕುಡಿಯುತ್ತಾರಂತೆ.

ಡಬ್ಬಿ ಮುಚ್ಚುವಾಗ, ಹೋಗೋ ಮುಂಚೆ ಒಂದು ಕೆಲಸ ಮಾಡಿಕೊಡ್ತೀಯಾ ಅಂದರು. ಹೆಂಡತಿಗೆ ಹಲ್ಲಿನ ಸೆಟ್. ವರ್ಷದಿಂದ ಬಾಯಿ ಪೂರ್ತಿ ಬೋಳು, ಅನ್ನವನ್ನೂ ಹಿಸುಕಿ ತಿನ್ನುತ್ತಾರೆ. ಊರಿಗೆಲ್ಲ ಹಲ್ಲು ಮಾಡಿದ ಗಂಡ, ನನ್ನ ಹೆಂಡತಿಗೆ ನಾನೇ ಮಾಡುತ್ತೇನೆ ಎಂದು ಹಟ ಹಿಡಿದು ಕೂತರು. ಅಚ್ಚು ಒಬ್ಬ ಡಾಕ್ಟರು ತೆಗೆದುಕೊಟ್ಟಿದ್ದಾರೆ, ಸಾಮಾನು ಹೊರಗಿಂದ ತಂದಿದ್ದಾಗಿದೆ. ನಾಲ್ಕು ಸಲ ಜೋಡಿಸಿ ನಾಲ್ಕು ಸಲ ಕಿತ್ತರಂತೆ.

"ಅವಳ ಬಾಯಿಗೆ ನಡುಕದ ಹಲ್ಲು ಹಾಕಲಾರೆ."

ಆಗಲಿ ಅಂದೆ.

ಮಾರ್ಚ್ 13, ಗುರುವಾರ. ರಾತ್ರಿ 8

ಎರಡು ದಿನ ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಜೋಡಿಸಿದೆ. ಮೇಷ್ಟ್ರು ಒಂದು ಫೋಟೋ ತಂದುಕೊಟ್ಟಿದ್ದರು. ಇಪ್ಪತ್ತರ ವಯಸ್ಸಿನ ಅಮ್ಮನವರು, ಅರ್ಧ ನಗು. ಮೇಲಿನ ಎಡಗಡೆಯ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಸ್ವಲ್ಪ ಹತ್ತಿ ಕೂತಿದೆ. ಅದು ಹಾಗೆಯೇ ಬರಬೇಕು, ಕೂದಲೆಳೆಯಷ್ಟೂ ಆಚೀಚೆ ಬೇಡ ಅಂದಿದ್ದರು. ಹಾಗೆಯೇ ಮಾಡಿದೆ. ಹನ್ನೊಂದು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾವುದನ್ನೂ ಮಾಡಿಲ್ಲ.

ಇವತ್ತು ಆರೂವರೆಗೆ ಅವರ ಮನೆ. ಎರಡು ರೂಮು, ಗೋಡೆಗೆ ಒರಗಿಸಿದ ಹೊಲಿಗೆ ಮಿಷನ್ನು. ಅಮ್ಮನವರು ಅಂಗೈ ಅಡ್ಡ ಹಿಡಿದು ಮಾತಾಡುತ್ತಾರೆ. ಮೇಣದ ಸೆಟ್ಟನ್ನು ಬಾಯಿಗೆ ಇಟ್ಟು ಕನ್ನಡಿ ಕೊಟ್ಟೆ. ಮೇಷ್ಟ್ರು ಬಾಗಿಲ ಹತ್ತಿರ ನಿಂತಿದ್ದರು, ರಿಸಲ್ಟ್ ಬರುವ ದಿನದ ಹುಡುಗನ ಹಾಗೆ.

ಅಮ್ಮನವರು ನೋಡಿದರು. ಬಹಳ ಹೊತ್ತು ನೋಡಿದರು. ಸೆಟ್ ಹೊರಗೆ ತೆಗೆದು, ಆ ಸೊಟ್ಟ ಹಲ್ಲು ಯಾರು ಹಾಕಿದ್ದು ಅಂತ ಕೇಳಿದರು.

ಮೇಷ್ಟ್ರು ತಾವೇ ಹೇಳಿ ಮಾಡಿಸಿದ್ದು ಅಂದರು. ಹಾಗೇ ಇತ್ತಲ್ಲ ನಿಂಗೆ.

"ಇತ್ತು. ಅದಕ್ಕೇ ನಲವತ್ತು ವರ್ಷ ಬಾಯಿ ಮುಚ್ಕೊಂಡು ನಕ್ಕಿದ್ದೀನಿ. ಮದುವೆ ಫೋಟೋದಲ್ಲಿ ತುಟಿ ಬಿಗಿ ಹಿಡಿದು ಹಿಡಿದು ಮಾರನೇ ದಿನ ದವಡೆ ನೋವು. ಈಗ ದೇವರು ಎಲ್ಲಾ ಹಲ್ಲೂ ಕಿತ್ತುಕೊಂಡ, ಇನ್ನಾದ್ರೂ ನೆಟ್ಟಗಿರೋದು ಸಿಗುತ್ತೆ ಅಂತ ನಾನು ಕಾಯ್ತಿದ್ರೆ, ಇವರು ಅದನ್ನೇ ಹುಡುಕಿ ವಾಪಸ್ ತಂದಿದ್ದಾರೆ."

ಮೇಷ್ಟ್ರು ಕುರ್ಚಿಯ ಮೇಲೆ ಕೂತುಬಿಟ್ಟರು. ಆ ಹಲ್ಲು ನೋಡಿಯೇ ತಾನು ಮದುವೆಗೆ ಒಪ್ಪಿಕೊಂಡದ್ದು ಅಂದರು. ಅಮ್ಮನವರು ಕನ್ನಡಿ ಕೆಳಗಿಟ್ಟರು. ನೀವು ಒಂದು ದಿನವೂ ಹೇಳಲಿಲ್ಲ ಅಂದರು. ನೀನೂ ಹೇಳಲಿಲ್ಲ ಅಂದರು ಅವರು. ನಾನು ಆ ಹೊತ್ತಿಗೆ ಅಡುಗೆಮನೆಗೆ ಹೋಗಿ ನೀರು ಕುಡಿದೆ. ಬಾಯಾರಿಕೆ ಇರಲಿಲ್ಲ.

ವಾಪಸ್ ಬಂದಾಗ ಮೇಷ್ಟ್ರು, ನೆಟ್ಟಗೆ ಮಾಡಿಕೊಡಮ್ಮ ಅಂದರು. ಸ್ಟೌ ಹತ್ತಿಸಿ ಚಾಕು ಕಾಯಿಸಿಕೊಂಡು ಅಲ್ಲೇ ಊಟದ ಮೇಜಿನ ಮೇಲೆ ಸರಿ ಮಾಡಿದೆ. ಅವರು ಟಾರ್ಚ್ ಹಿಡಿದರು. ಬೆಳಕು ಮೇಜಿನ ತುಂಬ ಕುಣಿಯುತ್ತಿತ್ತು. ಅಮ್ಮನವರು ಆ ಬೆಳಕನ್ನೇ ನೋಡಿದರು, ಟಾರ್ಚನ್ನು ನೋಡಿದರು. ಏನೂ ಕೇಳದೆ ಅವರ ಮಣಿಕಟ್ಟಿನ ಕೆಳಗೆ ತಮ್ಮ ಕೈ ಕೊಟ್ಟು ಹಿಡಿದರು. ಬೆಳಕು ನಿಂತಿತು.

ಇವತ್ತು ರಾತ್ರಿ ಪ್ಲಾಸ್ಟರ್ ಅಚ್ಚಿನಲ್ಲಿ ಹೂತು, ಮೇಣ ಕರಗಿಸಿ ಆ ಜಾಗಕ್ಕೆ ಪ್ಲಾಸ್ಟಿಕ್ ತುಂಬಿಟ್ಟು, ನಾಳೆ ಬೆಳಿಗ್ಗೆ ಬಿಸಿನೀರಿಗೆ ಹಾಕಿದರೆ ಮಧ್ಯಾಹ್ನಕ್ಕೆ ಗಟ್ಟಿ ಸೆಟ್ ಸಿಗುತ್ತದೆ. ಆ ಬಿಸಿನೀರಿನ ತೊಟ್ಟಿ ಇರುವುದು ಲ್ಯಾಬಿನಲ್ಲಿ ಮಾತ್ರ.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ 4:30

ಮನೆಯಲ್ಲಿದ್ದೇನೆ. ವಾರದ ದಿನ ಈ ಹೊತ್ತಿಗೆ ಅಡುಗೆಮನೆಯ ನೆಲದ ಮೇಲೆ ಬಿಸಿಲು ಬೀಳುತ್ತದೆ ಎಂದು ಗೊತ್ತೇ ಇರಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಎಂಟೂಕಾಲಿಗೆ ಸೆಟ್ ತೊಟ್ಟಿಗೆ ಹಾಕಿದೆ. ಊಟದ ನಂತರ ಪ್ಲಾಸ್ಟರಣ್ಣ ಅಚ್ಚು ಒಡೆದು ತೆಗೆದು ನನ್ನ ಟೇಬಲ್ಲಿಗೆ ತಂದಿಟ್ಟ. ಪ್ರತಿ ಕೇಸಿಗೂ ಒಂದು ನಂಬರ್ ಚೀಟಿ ಇರುತ್ತದೆ. ಇದಕ್ಕಿಲ್ಲ. ಎರಡೂಮುಕ್ಕಾಲಿಗೆ ಸ್ಪೀಕರ್: ಕಿಟಕಿ ಪಕ್ಕದ ಟೇಬಲ್, ಅದು ಯಾವ ನಂಬರು? ನಾನು ಉತ್ತರ ಯೋಚಿಸುವಷ್ಟರಲ್ಲಿ ಮೆಟ್ಟಿಲಿನ ಮೇಲೆ ಕಾಲಿನ ಸದ್ದು. ಅಶರೀರವಾಣಿಗೆ ಶರೀರ ಬಂತು.

ನೇರ ಬಂದು ಸೆಟ್ ಎತ್ತಿಕೊಂಡ. ಮೇಷ್ಟ್ರು ಎದ್ದು ನಿಂತು, ಅದು ನಮ್ಮ ಮನೆಯವಳದು, ಸಾಮಾನು ನಂದೇ, ಹಬೆ ಮಾತ್ರ ನಿಮ್ಮದು ಅಂದರು. ಹಾಗೇ ಅಂದರು. ಯಾರೋ ಹಿಂದೆ ಕಿಸಕ್ಕಂದರು. ಅದೇ ತಪ್ಪಾಯಿತೋ ಏನೋ. ಯಜಮಾನ ಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದು ನಿಮ್ಮ ಕೈಯಿಂದ ಆಗೋ ಕೆಲಸ ಅಲ್ಲ ಬಿಡಿ. ದಿನಾ ಬೆಳಿಗ್ಗೆ ಎಂಟೂಕಾಲಿಗೆ ಇವಳು ನಿಮ್ಮ ಟ್ರೇ ತೆಗೆಯೋದು ನಂಗೆ ಕಾಣಲ್ಲ ಅಂದ್ಕೊಂಡ್ರಾ? ರೆಕಾರ್ಡ್ ಆಗುತ್ತೆ. ಆರು ತಿಂಗಳಿಂದ ನೋಡ್ತಿದ್ದೀನಿ. ಕೆಲಸ ನಡೀತಿತ್ತು, ಸುಮ್ಮನಿದ್ದೆ."

ಆಮೇಲೆ ಒಂದು ಚಾಕು ತೆಗೆದು ಮೇಷ್ಟ್ರ ಮುಂದೆ ಇಟ್ಟ. ಎಲ್ಲಿ, ಎಲ್ಲರ ಮುಂದೆ ಒಂದು ಹಲ್ಲು ಕೂರಿಸಿ, ಮೇಷ್ಟ್ರ ಕೆಲಸ ನೋಡಿ ಮಕ್ಕಳು ಕಲಿತುಕೊಳ್ಳಲಿ ಅಂದ.

ಮೇಷ್ಟ್ರು ಚಾಕು ತೆಗೆದುಕೊಂಡರು. ಯಾಕೆ ತೆಗೆದುಕೊಂಡರೋ. ಇಪ್ಪತ್ತೇಳು ವರ್ಷದ ಅಭ್ಯಾಸ, ಮುಂದೆ ಇಟ್ಟರೆ ಕೈ ತಾನೇ ಹೋಗುತ್ತದೆ. ಉರಿಯಲ್ಲಿ ಕಾಯಿಸಿದರು. ಮೇಣ ಎತ್ತಿದರು. ಅದು ಹಲ್ಲಿನ ಮೇಲೆ ಬೀಳಲಿಲ್ಲ, ಟೇಬಲ್ಲಿನ ಮೇಲೆ ಬಿತ್ತು, ಅವರ ಅಂಗಿಯ ತೋಳಿನ ಮೇಲೆ ಬಿತ್ತು. ಇನ್ನೊಮ್ಮೆ ಕಾಯಿಸಿದರು.

ಹತ್ತು ದಿನದಿಂದ ಇವನಿಗೆ ಏನೇನು ಹೇಳಬೇಕೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ಭಾಷಣ ಬರೆಯುತ್ತಿದ್ದೆ. ಒಂದಕ್ಷರ ನೆನಪಾಗಲಿಲ್ಲ. ಕೋಪವೂ ಬರಲಿಲ್ಲ. ಎದ್ದು ಹೋಗಿ ಮೊದಲು ಮೇಷ್ಟ್ರ ಕೈಯಿಂದ ಚಾಕು ತೆಗೆದು ಕೆಳಗಿಟ್ಟೆ. ಆಮೇಲೆ ಯಜಮಾನನ ಕೈಯಿಂದ ಸೆಟ್ ತೆಗೆದುಕೊಂಡೆ. ಬಿಟ್ಟ. ಅವನ ಕೈಯಿಂದ ಯಾರೂ ಏನನ್ನೂ ತೆಗೆದುಕೊಂಡಿರಲಿಲ್ಲ ಅನ್ನಿಸುತ್ತದೆ, ಹಿಡಿದುಕೊಳ್ಳಬೇಕೆಂದೇ ಹೊಳೆಯಲಿಲ್ಲ. ಒದ್ದೆ ಹತ್ತಿಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ.

"ಬನ್ನಿ ಮೇಷ್ಟ್ರೇ. ಮನೆಗೆ ಹೋಗೋಣ."

ಹೋದರೆ ಮತ್ತೆ ಕಾಲಿಡುವ ಹಾಗಿಲ್ಲ, ಒಂದು ತಿಂಗಳ ನೋಟಿಸ್ ಎಲ್ಲಿ ಅಂತ ಕೇಳಿದ. ಇದೇ ಸಾರ್ ಅಂದೆ. ಬೇರೇನೂ ತೋಚಲಿಲ್ಲ. ಪ್ಲಾಸ್ಟರಣ್ಣ ಹೋಗಿ ಬಾಗಿಲು ತೆರೆದು ಹಿಡಿದುಕೊಂಡ. ನಾವು ದಾಟುವವರೆಗೂ ಹಿಡಿದೇ ಇದ್ದ.

ಬಸ್ ಸ್ಟಾಪಿನವರೆಗೆ ನಡೆದೆವು. ಬೆಂಚಿನ ಮೇಲೆ ಕೂತ ಮೇಲೆ ಮೇಷ್ಟ್ರು ಕೆಳಗೆ ನೋಡಿ, ಅಯ್ಯೋ ಅಂದರು. ಇಬ್ಬರ ಕಾಲಲ್ಲೂ ಲ್ಯಾಬಿನ ರಬ್ಬರ್ ಚಪ್ಪಲಿ, ನೀಲಿ, ಮೇಲೆ ಪ್ಲಾಸ್ಟರಿನ ಚುಕ್ಕೆ. ನಮ್ಮ ಚಪ್ಪಲಿ ಅಲ್ಲೇ ಗೂಡಿನಲ್ಲಿ ಉಳಿದಿದೆ. ತಂದುಕೊಡಲಾ ಅಂದೆ. ಬೇಡಮ್ಮ, ನಂದು ಹೇಗೂ ಕಚ್ಚುತ್ತಿತ್ತು ಅಂದರು. ನಕ್ಕೆವು. ನಗುತ್ತಾ ನಗುತ್ತಾ ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಸಂಜೆ 6

ಒಂದು ಮರೆತಿದ್ದೆ. ನನ್ನ ಟೇಬಲ್ಲಿನ ಮೇಲೆ ಅರ್ಧ ಆದ ಏಳು ಕೇಸು. ಯಜಮಾನನ ಜೊತೆ ಜಗಳ ಸರಿ, ಆ ಬಾಯಿಗಳು ಅವನವಲ್ಲವಲ್ಲ. ಪ್ಲಾಸ್ಟರಣ್ಣನಿಗೆ ಫೋನ್ ಮಾಡಿ ಒಂದೊಂದಾಗಿ ಹೇಳಿದೆ. ಯಾವುದು ಕಚ್ಚುವಾಗ ಎತ್ತರವಾಗುತ್ತದೆ, ಯಾವುದಕ್ಕೆ ಬಣ್ಣ ತಪ್ಪಾಗಿ ಬಂದಿದೆ, ಯಾರಿಗೆ ಒಸಡು ಹುಣ್ಣು ಅಂತ ಚೀಟಿಯಲ್ಲಿತ್ತು. ಅವನು ಬರೆದುಕೊಂಡ. ಕೊನೆಗೆ, ಅಕ್ಕಾ ನಿಮ್ಮ ಚಪ್ಪಲಿ ನಾನು ಎತ್ತಿಟ್ಟಿದ್ದೀನಿ ಅಂದ.

ಅತ್ತೆ ಪೂರ್ತಿ ಕಥೆ ಎರಡು ಸಲ ಹೇಳಿಸಿಕೊಂಡರು. ಎರಡನೇ ಸಲ ಸೆಟ್ ಕಿತ್ತುಕೊಂಡ ಭಾಗ ಮಾತ್ರ.

ಮಾರ್ಚ್ 15, ಶನಿವಾರ

ಡಾಕ್ಟರಮ್ಮನ ಹತ್ತಿರ ಹೋದೆ. ಅಮ್ಮನವರ ಸೆಟ್ಟಿಗೆ ಇನ್ನೂ ಉಜ್ಜುವುದು, ಪಾಲಿಶ್ ಬಾಕಿ, ಮಿಷನ್ ಬೇಕು. ಮುಚ್ಚಿಡುವುದು ಸರಿ ಕಾಣಲಿಲ್ಲ. ಹೇಳದೆ ಕೇಳದೆ ಎದ್ದು ಬಂದಿದ್ದೇನೆ ಅಂತಲೇ ಶುರು ಮಾಡಿದೆ.

ಅವರು ಪೆನ್ನು ಮುಚ್ಚಿಟ್ಟರು. ಮುಖ ಗಂಭೀರವಾಯಿತು. ನಾಳೆ ನನ್ನನ್ನೂ ಹೀಗೇ ಬಿಟ್ಟು ಹೋದರೆ ಅಂತ ಕೇಳಿದರು. ಕೇಳುವ ಮಾತೇ. ಕೆಲಸ ಕೈಗೆ ಬರುವ ಮೊದಲೇ ಹೋಯಿತು ಅಂದುಕೊಂಡೆ.

"ಇಲ್ಲಿಂದ ಹೋಗಬೇಕು ಅನ್ನಿಸಿದ್ರೆ ಮೊದಲು ನಿಮ್ಮ ಹತ್ತಿರಾನೇ ಹೇಳ್ತೀನಿ ಮೇಡಂ. ಅಲ್ಲಿ ಹೇಳೋಕೆ ಮನುಷ್ಯರೇ ಇರಲಿಲ್ಲ. ಸ್ಪೀಕರ್ ಇತ್ತು."

ಅವರು ಕೈ ಚಾಚಿದರು. ಸೆಟ್ ತೋರಿಸಿ ಅಂದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಒಳಗಡೆ ಬೆರಳಾಡಿಸಿದರು. ಮಿಷನ್ ಆ ಕಡೆ ಇದೆ, ಸೋಮವಾರ ಒಂಬತ್ತಕ್ಕೆ ಬನ್ನಿ, ತಡ ಮಾಡಬೇಡಿ ಅಂದರು.

ಎರಡು ಗಂಟೆ ಪಾಲಿಶ್ ಮಾಡಿದೆ. ಬೆಳಕು ಎಡದಿಂದಲೇ ಬರುತ್ತದೆ.

ಮಾರ್ಚ್ 16, ಭಾನುವಾರ

ಅಮ್ಮನವರು ಸೆಟ್ ಹಾಕಿಕೊಂಡರು. ಕಚ್ಚಿ ನೋಡಿ ಅಂದೆ, ಕಚ್ಚಿದರು. ಮಾತು ತೊಡರುತ್ತದಾ ನೋಡಲು ನೂರರಿಂದ ಇನ್ನೂರರವರೆಗೆ ಎಣಿಸಿ ಅಂದೆ, ನೂರಾಮೂವತ್ತಕ್ಕೆ ಬೇಜಾರಾಗಿ ನಿಲ್ಲಿಸಿದರು. ಕೈ ಅಡ್ಡ ಹಿಡಿಯಲು ಎತ್ತಿದವರು ಅರ್ಧದಲ್ಲೇ ಇಳಿಸಿ, ಮೇಷ್ಟ್ರ ಕಡೆ ತಿರುಗಿ ಪೂರ್ತಿ ನಕ್ಕರು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಯಾರೋ ಹೊಸಬರು ಮನೆಗೆ ಬಂದ ಹಾಗಿದೆ ಅಂದರು.

"ಹಾಗಾದ್ರೆ ಪರಿಚಯ ಮಾಡ್ಕೊಳ್ಳಿ" ಅಂದರು ಅಮ್ಮನವರು.

ನಾಳೆ ಇಬ್ಬರೂ ಆಸ್ಪತ್ರೆಗೆ ಹೋಗುತ್ತಾರಂತೆ, ಕೈ ತೋರಿಸಲು. ಅಮ್ಮನವರೇ ಟೋಕನ್ ಮಾಡಿಸಿದ್ದಾರೆ. ಈಗ ಯಾರಿಗೂ ಕಾರಣ ಹೇಳಬೇಕಿಲ್ಲ, ರಜೆ ಕೇಳಬೇಕಿಲ್ಲ. ಅವರಿಗೆ ಸ್ವಲ್ಪ ಹೆದರಿಕೆ ಇದೆ, ಕಾಣುತ್ತದೆ. ಟೀ ಬಲಗೈಯಲ್ಲೇ ಕುಡಿದರು. ಅರ್ಧ ಸಾಸರಿಗೆ ಚೆಲ್ಲಿತು. ಸಾಸರಿನಿಂದಲೂ ಕುಡಿದರು.

ಹೊರಡುವಾಗ ಗೇಟಿನವರೆಗೆ ಬಂದು, ಮೊದಲ ದಿನವೇ ನಿನ್ನ ಪೂರ್ತಿ ಕೆಲಸ ತೋರಿಸಬೇಡ, ದಿನಾ ಅಷ್ಟೇ ಕೇಳ್ತಾರೆ ಅಂತ ಬುದ್ಧಿ ಹೇಳಿದರು. ಅವರೇ ಆ ಬುದ್ಧಿ ಕೇಳಿದವರಲ್ಲ.

ಮಾರ್ಚ್ 17, ಸೋಮವಾರ. ಮಧ್ಯಾಹ್ನ 1:15

ಕ್ಲಿನಿಕ್ಕಿನಲ್ಲೇ ಬರೆಯುತ್ತಿದ್ದೇನೆ. ಊಟದ ಬಿಡುವು. ಸದ್ದೇ ಇಲ್ಲ. ಬೆಳಿಗ್ಗೆಯಿಂದ ನಾಲ್ಕು ಸಲ ಸೂರು ನೋಡಿದೆ, ಅಭ್ಯಾಸ. ಫ್ಯಾನ್ ಒಂದೇ ಇರುವುದು.

ಹನ್ನೊಂದು ಗಂಟೆಗೆ ಬಾಗಿಲಲ್ಲಿ ಒಬ್ಬ ಅಜ್ಜ ಇಣುಕಿದರು. ನನ್ನ ಹಲ್ಲು ಮಾಡೋರು ನೀವೇನಾ ಅಂತ ಕೇಳಿದರು. ಹೌದು ಅಂದೆ. ಹೇಳಿದ ಮೇಲೆ ಹೊಳೆಯಿತು, ಅಮ್ಮನವರನ್ನು ಬಿಟ್ಟರೆ ಇಷ್ಟು ವರ್ಷದಲ್ಲಿ ನಾನು ಹಲ್ಲು ಮಾಡಿಕೊಟ್ಟ ಒಬ್ಬರ ಮುಖವನ್ನೂ ನೋಡಿರಲಿಲ್ಲ. ಸಾವಿರಾರು ಬಾಯಿ, ಎಲ್ಲ ಪ್ಲಾಸ್ಟರ್. ಕೂರಿ ಅಂದೆ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ಒಂದು ವಿಷಯ ಕೇಳಬೇಕು, ಡಾಕ್ಟರಮ್ಮನ ಹತ್ತಿರ ಕೇಳೋಕೆ ನಾಚಿಕೆ ಆಯ್ತು ಅಂದರು.

ಊಟ ಅಲ್ಲ, ಮಾತಲ್ಲ. ಹೊಸ ಹಲ್ಲಿನಲ್ಲಿ ಸಿಳ್ಳೆ ಹಾಕಲು ಆಗುತ್ತದಾ?

ಬಸ್ ಕಂಡಕ್ಟರ್ ಆಗಿದ್ದರಂತೆ. ಪೀಪಿ ಯಾವತ್ತೂ ಮುಟ್ಟಿದವರಲ್ಲವಂತೆ, ಬರೀ ಬಾಯಿ. ಗೊತ್ತಿಲ್ಲ ಅಜ್ಜ ಅಂದೆ, ಇಂಥದ್ದನ್ನು ಯಾರೂ ಕೇಳಿಲ್ಲ ನನ್ನ. ಮುಂದಿನ ಎರಡು ಹಲ್ಲಿನ ಮಧ್ಯೆ ಎಷ್ಟು ಸಂದಿ ಇತ್ತು, ನಾಲಿಗೆ ಎಲ್ಲಿ ತಾಗುತ್ತಿತ್ತು, ಎಲ್ಲ ಕೇಳಿ ಬರೆದುಕೊಂಡೆ. ಸರಿಯಾಗಿ ಹೇಳಲು ಬರಲಿಲ್ಲ ಅವರಿಗೆ. ಹಾಗಾದರೆ ಹಾಕಿಯೇ ತೋರಿಸಿ ಅಂದೆ. ಹಲ್ಲೇ ಇಲ್ಲವಲ್ಲಮ್ಮ ಅಂದರು. ಪರವಾಗಿಲ್ಲ, ತುಟಿ ಹೇಗಿಡ್ತಿದ್ರಿ ಅಂತ ನೋಡ್ತೀನಿ ಅಂದೆ. ಅಜ್ಜ ಬಾಗಿಲ ಕಡೆ ಒಮ್ಮೆ ನೋಡಿದರು, ಯಾರೂ ಇಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ಕಣ್ಣು ಮುಚ್ಚಿ, ಬರಿಯ ಒಸಡಿನ ಮೇಲೆ ತುಟಿ ಬಿಗಿದು, ಉದ್ದಕ್ಕೆ ಉಸಿರೆಳೆದುಕೊಂಡು ಊದಿದರು. ಬರೀ ಗಾಳಿ ಬಂತು, ನಾನು ತುಟಿಯ ಆಕಾರ ಬರೆದುಕೊಂಡೆ.